ಅಮ್ಮನ ಹಾಡು, ಹಿಂದೆ ಬೀಳುವ ಪೇಟಿ: ಏಸಿಯೋ ಫೋರ್ ಆಲ್ ಜೊತೆ ಒಂದೂವರೆ ವರ್ಷ

ರಾಯಚೂರಿನ ನಮ್ಮ ಮನೆಯಲ್ಲಿ ಅಮ್ಮ ದಾಸರ ಪದ ಹಾಡುತ್ತಾರೆ. ನಾನು ಲ್ಯಾಪ್‌ಟಾಪಿಗೆ ಜೋಡಿಸಿದ ಮಿಡಿ ಕೀಬೋರ್ಡಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತೇನೆ. ಪೇಟಿಯ ಸದ್ದು ಲ್ಯಾಪ್‌ಟಾಪಿನೊಳಗಿನ ಪ್ಲಗಿನ್ ಎಂಬ ಸಣ್ಣ ಸಾಫ್ಟ್‌ವೇರಿನದು, ರೆಕಾರ್ಡಿಂಗ್ ರೀಪರ್ ಎಂಬ ಸಾಫ್ಟ್‌ವೇರಿನಲ್ಲಿ.

ಮೊದಲ ದಿನವೇ ಅಮ್ಮ ಹೆಡ್‌ಫೋನ್ ತೆಗೆದಿಟ್ಟರು. "ಪೇಟಿ ನನ್ನ ಹಿಂದ ಹಿಂದ ಬರ್ಲಿಕತ್ತದ" ಅಂದರು. ನಿಜವೇ. ಕೀಬೋರ್ಡಿನ ಕೀ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸ್ವರ ಬರುತ್ತಿತ್ತು. ಮೈಕ್, ಹೆಡ್‌ಫೋನ್‌ಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿಗೆ ಇಂಟರ್‌ಫೇಸ್ ಅಂತಾರೆ. ಅದರ ಡೈರೆಕ್ಟ್ ಮಾನಿಟರ್ ಗುಂಡಿಯಿಂದ ಅಮ್ಮನ ದನಿಯೇನೋ ಲ್ಯಾಪ್‌ಟಾಪಿಗೆ ಹೋಗಿ ಬರದೆ, ತಡವಿಲ್ಲದೆ ಕೇಳುತ್ತಿತ್ತು. ಪೇಟಿ ಹುಟ್ಟುವುದೇ ಲ್ಯಾಪ್‌ಟಾಪಿನಲ್ಲಿ, ಅದಕ್ಕೆ ಆ ಗುಂಡಿಯಿಂದ ಏನು ಉಪಯೋಗ? ಹನ್ನೆರಡು ಸಾವಿರ ಕೊಟ್ಟು ಹೊಸ ಇಂಟರ್‌ಫೇಸ್ ತರಬೇಕು ಅಂತ ದುಡ್ಡು ಕೂಡಿಡಲು ಶುರು ಮಾಡಿದ್ದೆ.

ತಪ್ಪು ಡ್ರೈವರ್‌ನಲ್ಲಿತ್ತು, ಅಂದರೆ ರೀಪರ್‌ಗೂ ಸೌಂಡ್ ಕಾರ್ಡಿಗೂ (ನನ್ನಲ್ಲಿ ಅದು ಇಂಟರ್‌ಫೇಸೇ) ನಡುವೆ ಸದ್ದು ಸಾಗಿಸುವ ಸಾಫ್ಟ್‌ವೇರಿನಲ್ಲಿ. ರೀಪರ್‌ನಲ್ಲಿ ವಿಂಡೋಸ್‌ನ ಹಳೆಯ ಎಂಎಂಇ ಆಯ್ಕೆಯಾಗಿತ್ತು. ಅದರಲ್ಲಿ ಸದ್ದು ವಿಂಡೋಸ್‌ನ ಮಿಕ್ಸರ್ ಸುತ್ತಿಕೊಂಡು ಬರುತ್ತದೆ. ಏಸಿಯೋ ಫೋರ್ ಆಲ್ ಎಂಬ ಡ್ರೈವರ್ ಉಚಿತ, ಅದು ಆ ದಾರಿ ಬಿಟ್ಟು ನೇರ ಕಾರ್ಡ್ ಹಿಡಿಯುತ್ತದೆ. ಹಾಕಿ, ಬಫರ್, ಅಂದರೆ ಒಂದು ಸಲಕ್ಕೆ ಕೂಡಿಸಿ ಕಳಿಸುವ ಸದ್ದಿನ ತುಣುಕುಗಳ (ಸ್ಯಾಂಪಲ್) ಲೆಕ್ಕ, 256ಕ್ಕೆ ಇಟ್ಟೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 256 ಅಂದರೆ ಸುಮಾರು 6 ಮಿಲಿಸೆಕೆಂಡ್. ಎರಡು ಮೀಟರ್ ದೂರದಲ್ಲಿ ಕೂತವರ ದನಿ ಕಿವಿಗೆ ಬರಲು ಅಷ್ಟೇ ಹೊತ್ತು ಬೇಕು. ಕಾರ್ಡಿನ ತಡ ಇನ್ನಷ್ಟು ಸೇರುತ್ತದೆ, ಆದರೂ ಬೆರಳಿಗೆ ಗೊತ್ತಾಗಲಿಲ್ಲ. ಆ ರಾತ್ರಿ ಅಮ್ಮ ಒಂದರ ಹಿಂದೆ ಒಂದು ನಾಲ್ಕು ಪದ ಹಾಡಿದರು. ನನಗೆ ಕಣ್ಣು ತುಂಬಿ ಬಂತು.

ಈಗ ನಮ್ಮದೊಂದು ಪದ್ಧತಿಯಾಗಿದೆ. ಊಟವಾದ ಮೇಲೆ ಕೂಲರ್ ಬಂದ್, ಬಾಗಿಲಿಗೆ ಕಂಬಳಿ, ಅಮ್ಮನ ಪಕ್ಕ ನೀರಿನ ತಂಬಿಗೆ. ಬ್ರೌಸರ್ ಮುಚ್ಚುತ್ತೇನೆ, ವೈಫೈ ಆರಿಸುತ್ತೇನೆ. ವೈರ್ ಇರುವ ಹೆಡ್‌ಫೋನೇ ಬೇಕು, ಬ್ಲೂಟೂತ್ ತಾನೇ ಬೇರೆ ತಡ ತರುತ್ತದೆ. ಆಮೇಲೆ ಮಿಕ್ಸ್ ಮಾಡುವಾಗ ಬಫರ್ 1024. ಆಗ ತಡವಾದರೆ ಯಾರಿಗೇನು?

ಬೇಸಿಗೆ ಬಂದಾಗ ಮಾತ್ರ ಬೇಜಾರಾಯಿತು. ತಡ ಇನ್ನೂ ಕಡಿಮೆಯಾಗಲಿ ಅಂತ ಆಸೆ ಬಿದ್ದು ಬಫರ್ 64ಕ್ಕೆ ಇಳಿಸಿದೆ, ಲ್ಯಾಪ್‌ಟಾಪಿಗೆ ತಾಳಲಾಗದೆ ಚಟಚಟ ಸದ್ದು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದರೆ 256ರಲ್ಲೂ ಚಟಚಟ. ಚೆನ್ನಾಗಿ ಬಂದಿದ್ದ ಒಂದು ಪದ ಹಾಗೇ ಹಾಳಾಯಿತು, ಇನ್ನೂ ಸಂಕಟವಾಗುತ್ತದೆ. ಪವರ್ ಪ್ಲಾನ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿದ ಮೇಲೆ ಜಾಸ್ತಿ ಕಾಡಿಲ್ಲ. ಏಸಿಯೋ ಫೋರ್ ಆಲ್ ಕಾರ್ಡನ್ನು ಹಿಡಿದುಕೊಂಡಾಗ ಯೂಟ್ಯೂಬ್ ಮೂಕಾಗುವುದೂ ಉಂಟು, ರೀಪರ್ ಮುಚ್ಚಿದರೆ ಸರಿಹೋಗುತ್ತದೆ.

ನಿಮ್ಮ ಇಂಟರ್‌ಫೇಸ್‌ಗೆ ಕಂಪನಿಯದೇ ಏಸಿಯೋ (ಇಂಥ ಕಡಿಮೆ ತಡದ) ಡ್ರೈವರ್ ಇದ್ದರೆ ಮೊದಲು ಅದನ್ನೇ ಹಾಕಿ. ನನ್ನದಕ್ಕೆ ಇರಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಅಮ್ಮನಿಗೆ ಒಳ್ಳೆಯ ಮೈಕ್ ಬಂತು. ಈಗ ಗುರುವಾರಕ್ಕೊಂದು ಪದ. ಈ ವಾರದ್ದು ನಮ್ಮ ಮಾನ್ವಿಯ ಜಗನ್ನಾಥದಾಸರದು.