ಸುರಿಮೊನೊ: ಮೂಲವೇ, ಮೇಜಿ ಪ್ರತಿಯೇ?

ಸುರಿಮೊನೊ ಅಂಗಡಿಯ ಸರಕಾಗಿರಲಿಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನ ಎಡೊ (ಇಂದಿನ ಟೋಕಿಯೊ) ನಗರದಲ್ಲಿ ಕ್ಯೋಕಾ ಎಂಬ ಹಾಸ್ಯದ ಕಿರುಪದ್ಯ ಬರೆಯುವ ಕವಿಕೂಟಗಳು ಹೊಸ ವರ್ಷಕ್ಕೆ ಹಂಚಲೆಂದು ಹೊಕುಸಾಯ್, ಹೊಕ್ಕೆಯ್, ಗಾಕುತೆಯ್ ಅವರಂಥ ಕಲಾವಿದರಿಂದ, ತಮ್ಮ ಪದ್ಯಗಳನ್ನೂ ಸೇರಿಸಿ ಮಾಡಿಸಿಕೊಂಡ ಮರದಚ್ಚಿನ ಚಿತ್ರಗಳವು. ಮೇಜಿ ಕಾಲದಲ್ಲಿ (1868–1912) ಬೇಡಿಕೆ ಹೆಚ್ಚಿದಾಗ ಹೊಸ ಅಚ್ಚು ಕೆತ್ತಿ ಪ್ರತಿಗಳನ್ನು ತೆಗೆದರು.

ಎರಡನ್ನೂ ಕಿಟಕಿಯ ಓರೆ ಬೆಳಕಿಗೆ ಹಿಡಿಯಿರಿ. ಮೂಲದಲ್ಲಿ ಬಳಸಿದ ಹೋಶೊ ಎಂಬ ದಪ್ಪ ಜಪಾನಿ ಕಾಗದದಲ್ಲಿ ಬಣ್ಣವಿಲ್ಲದ ಉಬ್ಬುಗೆರೆಗಳು ಬೆರಳಿಗೇ ಸಿಗುವಷ್ಟು ಆಳವಾಗಿರುತ್ತವೆ. ಹಿತ್ತಾಳೆ, ತವರದ ಪುಡಿ ಅಲ್ಲಲ್ಲಿ ಕಪ್ಪಿಟ್ಟಿರುತ್ತದೆ. ಪ್ರತಿಯ ಲೋಹ ಅತಿಯಾಗಿ ಹೊಳೆದರೆ ನನಗೆ ಗುಮಾನಿ. ಆದರೆ ನಿಜವಾದ ಗುಟ್ಟು ಪದ್ಯದ ಅಕ್ಷರಗಳಲ್ಲಿದೆ: ಮೂಲದಲ್ಲಿ ಕುಂಚ ಓಡಿದಂತೆ ಕಾಣುವ ಗೆರೆ, ಪ್ರತಿಯಲ್ಲಿ ತಡವರಿಸುತ್ತದೆ. ಜಪಾನಿ ಬಾರದವರಿಗೂ ಇದು ತಿಳಿಯುತ್ತದೆ, ನನಗೂ ತಿಳಿಯಿತಲ್ಲ!

ಬೆಲೆಯಲ್ಲಿ ಪ್ರತಿ ಬಹಳ ಅಗ್ಗ. ಗೋಡೆಗೆ ತೂಗುಹಾಕುವುದಾದರೆ ಅದನ್ನೇ ಕೊಳ್ಳಿ. ಮೂಲದ ಸಸ್ಯಜನ್ಯ ಬಣ್ಣಗಳು ಬಿಸಿಲಿಗೆ ಮಾಸುತ್ತವೆ. ಪೆಟ್ಟಿಗೆಯಲ್ಲಿಟ್ಟು ಆಗೊಮ್ಮೆ ಈಗೊಮ್ಮೆ ತೆಗೆದು ನೋಡುವವರು ಮಾತ್ರ ಮೂಲಕ್ಕೆ ಕೈಹಾಕಲಿ. ಅಂಚು ಕತ್ತರಿಸಿದ, ಮಡಿಕೆ ಬಿದ್ದ ಮೂಲವಾದರೂ ನನಗೆ ಅಡ್ಡಿಯಿಲ್ಲ, ಮೂಲವೆಂದು ಹೇಳಿ ಮಾರುವ ಪ್ರತಿ ಮಾತ್ರ ಬೇಡ.