ಬೀಟಲ್‌ಗೆ ಹಾಕಿದ 87 ಎಂಎಂ ಪಿಸ್ಟನ್ ಸೆಟ್, ಎರಡು ವರ್ಷ ಓಡಿಸಿದ ಮೇಲೆ

ನನ್ನದು 1971ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಗಾಡಿ ಆಯಿಲ್ ಕುಡಿಯಲು ಶುರು ಮಾಡಿತ್ತು. ಹೇಗೂ ಎಂಜಿನ್ ಇಳಿಸಬೇಕಲ್ವಾ, ಹಾಗೇ 1600 ಇದ್ದದ್ದನ್ನು 1641 ಸಿಸಿ ಮಾಡಿಬಿಡೋಣ ಅಂತ ಈ ಸೆಟ್ ತರಿಸಿದೆ. ನಾಲ್ಕು ಬ್ಯಾರೆಲ್ (ಅಂದರೆ ಸಿಲಿಂಡರ್), ನಾಲ್ಕು ಪಿಸ್ಟನ್, ರಿಂಗು, ಪಿನ್ನು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂತು.

ಏರ್‌ಕೂಲ್ಡ್ (ಗಾಳಿಯಿಂದ ತಣ್ಣಗಾಗುವ) ಎಂಜಿನ್ನಿನಲ್ಲಿ ನನಗೆ ತುಂಬಾ ಇಷ್ಟವಾಗುವುದೇ ಇದು. ನಾಲ್ಕು ಸಿಲಿಂಡರೂ ಬೇರೆ ಬೇರೆ, ಸುತ್ತಲೂ ತೆಳ್ಳನೆಯ ರೆಕ್ಕೆಗಳು. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿದರೆ ಬ್ಯಾರೆಲ್ ಕೈಯಲ್ಲೇ ಈಚೆ ಬರುತ್ತದೆ, ದೊಡ್ಡ ಬೋರ್‌ನದು, ಅಂದರೆ ಒಳಗೆ ಅಗಲ ಜಾಸ್ತಿ ಇರುವುದು, ಹಾಕಿದರೆ ಸಿಸಿ ಜಾಸ್ತಿಯಾಯಿತು.

ಆದರೆ ಎಷ್ಟು ಜಾಸ್ತಿ? ಬೋರ್‌ನ ಅರ್ಧವನ್ನು ಅದರಿಂದಲೇ ಗುಣಿಸಿ, ಆಮೇಲೆ 3.1416ರಿಂದ, ಆಮೇಲೆ ಸ್ಟ್ರೋಕ್‌ನಿಂದ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದೂರ), ಆಮೇಲೆ ನಾಲ್ಕರಿಂದ. ಅಳತೆ ಎಂಎಂನಲ್ಲಿದ್ದರೆ ಕೊನೆಗೆ ಸಾವಿರದಿಂದ ಭಾಗಿಸಿ. ಕಂಪನಿಯ ಬೋರ್ 85.5, ಸ್ಟ್ರೋಕ್ 69, ಬರುವುದು 1584 ಸಿಸಿ. ಅದನ್ನೇ 1600 ಅಂತ ಕರೆಯುವುದು. 87 ಹಾಕಿದರೆ 1641. ಅಂದರೆ ಒಂದು ಸಿಲಿಂಡರ್‌ಗೆ 14 ಸಿಸಿ, ಮೂರು ಟೀ ಚಮಚದಷ್ಟೂ ಇಲ್ಲ! ಸ್ಟ್ರೋಕ್‌ನಿಂದಲೂ ಸಿಸಿ ಏರುತ್ತದೆ: ಹಳೆಯ 1200 ಮತ್ತು 1300 ಎರಡರದ್ದೂ ಬೋರ್ 77, ಸ್ಟ್ರೋಕ್ ಮಾತ್ರ 64ರಿಂದ 69ಕ್ಕೆ ಹೋಯಿತು.

ಈಗ ಮುಖ್ಯ ವಿಷಯ. ಈ ಸೆಟ್ ಕೇಸು (ಬ್ಯಾರೆಲ್ ಕೂರುವ ಎಂಜಿನ್ನಿನ ನಡುಭಾಗ), ಹೆಡ್ಡು ಯಾವುದನ್ನೂ ಕೊರೆಸದೆ ಹಳೆಯ ತೂತಿಗೇ ಕೂರಬೇಕು. ಹೊರಗಿನ ಅಳತೆ ಅಷ್ಟೇ, ಒಳಗೆ ಮಾತ್ರ ಅಗಲ. ಹಾಗಾಗಿ ಗೋಡೆ ಪ್ರತಿ ಬದಿಯಲ್ಲೂ 0.75 ಎಂಎಂ ತೆಳುವಾಗುತ್ತದೆ. ಮಾರಿದವರ ವಿವರದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದೇ ನನಗೆ ಬೇಜಾರು.

ಪಿಸ್ಟನ್‌ಗಳಲ್ಲಿ ತಪ್ಪು ಹುಡುಕುವಂತಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ನಾಲ್ಕರ ನಡುವೆ ಎರಡು ಗ್ರಾಂ ವ್ಯತ್ಯಾಸ ಅಷ್ಟೇ. ತಲೆಯ ಮೇಲೆ 87 ಅಂತ ಗುರುತು, ಪಕ್ಕದಲ್ಲಿ ಬಾಣ, ಅದು ಫ್ಲೈವೀಲ್ ಕಡೆ ಇರಬೇಕು. ಮೊದಲ ವರ್ಷ ಚೆನ್ನಾಗಿಯೇ ಓಡಿತು. ಎರಡನೇ ಬೇಸಿಗೆಯಲ್ಲಿ ಸಾಂಟಾ ಕ್ರೂಸ್‌ಗೆ ಹೋಗುವ ಹೈವೇ 17ರ ಏರಿನಲ್ಲಿ ಮತ್ತೆ ಆಯಿಲ್ ಉರಿಯುವ ನೀಲಿ ಹೊಗೆ. ಬಿಚ್ಚಿ ಬೋರ್ ಗೇಜ್ ಇಟ್ಟು ನೋಡಿದರೆ ಎರಡು ಬ್ಯಾರೆಲ್ ದುಂಡಗೆ ಉಳಿದಿರಲಿಲ್ಲ. ಬಿಸಿಗೆ ತೆಳು ಗೋಡೆ ತಡೆದಿಲ್ಲ.

ನಿಜವಾಗಿ ದೊಡ್ಡದು ಬೇಕಿದ್ದರೆ ಕೇಸು, ಹೆಡ್ಡು ಕೊರೆಸಿ 90.5 ಹಾಕಿ, ಸುಮಾರು 1776 ಸಿಸಿ ಆಗುತ್ತದೆ, ಗೋಡೆಯೂ ದಪ್ಪ. ನಾನು ವಾಪಸ್ 85.5ಕ್ಕೇ ಬಂದೆ. ಹಳೆಯ ಗಾಡಿ ಕೊಳ್ಳುವವರಿಗೆ ಇನ್ನೊಂದು ಮಾತು: ಡೈನಮೋ ಸ್ಟ್ಯಾಂಡ್ ಕೆಳಗೆ ಹೊಡೆದಿರುವ ಎಂಜಿನ್ ನಂಬರ್ ಕೇಸಿನದು, ಒಳಗೆ ಯಾವ ಬ್ಯಾರೆಲ್ ಇದೆ ಅಂತ ಅದು ಹೇಳುವುದಿಲ್ಲ.

ಐದಕ್ಕೆ ಎರಡು ಸ್ಟಾರ್, ಅವೆರಡೂ ಪಿಸ್ಟನ್‌ಗೆ.