ಐಸೊಪ್ರೊಪೈಲ್ ಆಲ್ಕೋಹಾಲ್: 6 ವರ್ಷ ಬಳಸಿದ ಮೇಲೆ

ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ನನ್ನ ಕೆಲಸ. 6 ವರ್ಷದಿಂದ ಐಸೊಪ್ರೊಪೈಲ್ ಆಲ್ಕೋಹಾಲ್ (ಚಿಕ್ಕದಾಗಿ ಐಪಿಎ) ಇಲ್ಲದೆ ಒಂದು ದಿನವೂ ಕಳೆದಿಲ್ಲ. ಮೇಜಿನ ಮೇಲೆ ಎರಡು ಬಾಟಲಿ ಇವೆ. ಒಂದರ ಮೇಲೆ 99% ಅಂತಿದೆ, ಇನ್ನೊಂದರ ಮೇಲೆ 70%. ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಅಂಕಿಯನ್ನೇ.

ಶುರುವಿನಲ್ಲಿ ನಾನು ಬೋರ್ಡಿಗೂ 70% ಬಳಸುತ್ತಿದ್ದೆ. ಅದರಲ್ಲಿ ಉಳಿದ 30 ಭಾಗ ನೀರು. ಆಲ್ಕೋಹಾಲ್ ಆರಿಹೋಗುತ್ತದೆ, ನೀರು ಚಿಪ್‌ನ ಅಡಿಯಲ್ಲಿ ಕೂತಿರುತ್ತದೆ. ಅದು ಆರುವ ಮೊದಲೇ ಕರೆಂಟ್ ಕೊಟ್ಟೆ, ಒಂದು ಒಳ್ಳೆಯ ಬೋರ್ಡ್ ಹೋಯಿತು. ಅಲ್ಲಿಂದ ಬೋರ್ಡಿಗೆ 99% ಮಾತ್ರ.

ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಾಕುವ ಫ್ಲಕ್ಸ್‌ನ ಉಳಿದ ಅಂಟನ್ನು ಇದು ಚೆನ್ನಾಗಿ ಕರಗಿಸುತ್ತದೆ. ಆದರೆ ಕರಗಿಸುವುದು ಬೇರೆ, ತೆಗೆಯುವುದು ಬೇರೆ. ಬ್ರಷ್‌ನಿಂದ ಉಜ್ಜಿ ಸುಮ್ನೆ ಬಿಟ್ಟರೆ ಐಪಿಎ ಆರುತ್ತದೆ, ಕರಗಿದ ಫ್ಲಕ್ಸ್ ಬಿಳಿ ಪೊರೆಯಾಗಿ ಅಲ್ಲೇ ಕೂರುತ್ತದೆ. ತುಂಬಾ ಜನ ಆಗ ಬಾಟಲಿಯನ್ನೇ ಬೈಯುತ್ತಾರೆ. ಒದ್ದೆ ಇರುವಾಗಲೇ ನೂಲು ಬಿಡದ ಬಟ್ಟೆ ಒತ್ತಿ ಹೀರಿಸಿ, ಹೊಸ ಐಪಿಎ ಹಾಕಿ ಇನ್ನೊಮ್ಮೆ ತೊಳೆಯಿರಿ. ಬೋರ್ಡ್ ಫಳಫಳ ಅನ್ನುತ್ತದೆ. ಚಿಪ್ ಕಾರ್ಖಾನೆಗಳಲ್ಲೂ ತೊಳೆದ ಸಿಲಿಕಾನ್ ವೇಫರ್‌ಗಳನ್ನು (ಚಿಪ್ ಮಾಡುವ ತೆಳು ಬಿಲ್ಲೆಗಳನ್ನು) ಕಲೆ ಉಳಿಯದಂತೆ ಒಣಗಿಸಲು ಇದನ್ನೇ ಬಳಸುತ್ತಾರೆ. ಇದರ ಮೇಲ್ಮೈ ಸೆಳೆತ ನೀರಿನದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ನೀರು ಹನಿಗಟ್ಟದೆ ಜಾರಿಹೋಗುತ್ತದೆ.

ಹಾಗಾದರೆ 70% ಯಾಕೆ? ರೋಗಾಣು ಕೊಲ್ಲೋಕೆ. 99% ಜೋರು, ಹಾಗಾಗಿ ಅದೇ ಮೇಲು ಅಂತ ಅನಿಸುತ್ತದೆ ಅಲ್ವಾ? ಹಾಗಿಲ್ಲ. ರೋಗಾಣುವಿನ ಪ್ರೋಟೀನ್ ಕೆಡಿಸಲು ನೀರೂ ಬೇಕು. ನೀರಿದ್ದರೆ ಬೇಗ ಆರುವುದೂ ಇಲ್ಲ. ಉಪಕರಣದ ಹಿಡಿ, ಕೀಬೋರ್ಡ್ ಒರೆಸಲು ನಾನು ಇದನ್ನೇ ಹಿಡಿಯುತ್ತೇನೆ. ಬ್ಯಾಕ್ಟೀರಿಯಾದ ಬೀಜಕಣಗಳು ಮಾತ್ರ ಇದಕ್ಕೆ ಸಾಯುವುದಿಲ್ಲ.

91% ಬಾಟಲಿಗಳೂ ಸಿಗುತ್ತವೆ. ನೀರು ಬೆರೆತ ಐಪಿಎಯನ್ನು ಸಾಧಾರಣವಾಗಿ ಬಟ್ಟಿ ಇಳಿಸಿದರೆ ಸುಮಾರು ಆ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮುಂದಕ್ಕೆ ಹೋಗಲು ಬೇರೆ ವಿಧಾನ ಬೇಕು. ತುರ್ತಿಗೆ ಬೋರ್ಡಿಗೂ ಆಗುತ್ತದೆ, ಒಣಗಲು ಜಾಸ್ತಿ ಹೊತ್ತು ಬಿಡಬೇಕು ಅಷ್ಟೇ.

ಬೇಸರದ ವಿಷಯಗಳೂ ಇವೆ. ಅಳತೆಯ ಮೀಟರ್ ಒಂದರ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಗಾಜನ್ನು ಇದರಲ್ಲಿ ಒರೆಸಿದೆ, ಕೂದಲೆಳೆಯಂಥ ಬಿರುಕುಗಳು ಎದ್ದವು. ಅಕ್ರಿಲಿಕ್‌ಗೆ ಇದು ಬೇಡವೇ ಬೇಡ. ಕೈಯ ಚರ್ಮವೂ ಒಡೆಯುತ್ತದೆ, ಈಗ ನೈಟ್ರೈಲ್ ಕೈಗವಸು ಹಾಕುತ್ತೇನೆ.

ಬೆಂಕಿಯ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರ, ಮೇಜಿನ ಕೆಳಗೆ ಇಳಿದು ಕೂರುತ್ತದೆ. ನಾನು ಬೆಸುಗೆ ಕಡ್ಡಿ ಆರಿಸಿ, ಕಿಟಕಿ ತೆರೆದೇ ಬಾಟಲಿ ಮುಟ್ಟುವುದು. ಬ್ಲೀಚ್ ಜೊತೆ ಎಂದೂ ಬೆರೆಸಬೇಡಿ, ವಿಷ ಹುಟ್ಟುತ್ತದೆ.

ಮುಚ್ಚಳ ಸಡಿಲವಿದ್ದರೆ 99% ಗಾಳಿಯ ತೇವ ಎಳೆದುಕೊಂಡು ನೀರಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಅರ್ಧ ಖಾಲಿ ಇಟ್ಟರೆ ಸಿಡಿಯಬಲ್ಲ ಪೆರಾಕ್ಸೈಡ್ ಕೂಡುವ ಅಪಾಯವೂ ಇದೆ. ಹಾಗಾಗಿ ಸಣ್ಣ ಬಾಟಲಿಯನ್ನೇ ಕೊಳ್ಳುತ್ತೇನೆ, ತೆರೆದ ದಿನದ ತಾರೀಖನ್ನು ಮೇಲೆ ಬರೆದಿಡುತ್ತೇನೆ.